ಉಡುಗೊರೆಯ ಮರ್ಯಾದೆ

ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ಭೇದ ಹೊಂದುತ್ತದೆಂದು ತತ್ತ್ವಾರ್ಥಸೂತ್ರವು ಬೋಧಿಸುತ್ತದೆ. ದಾನಕ್ಕೆ ಹೇಳಿದ ಈ ವಿವೇಕವು ದೇಶಾಂತರದವರೊಡನೆ ನಡೆಯುವ ಉಡುಗೊರೆಯ ವ್ಯವಹಾರಕ್ಕೂ ಸಲ್ಲುತ್ತದೆಂಬುದಕ್ಕೆ ಇತಿಹಾಸದಲ್ಲಿ ಎರಡು ನಿದರ್ಶನಗಳಿವೆ.

ಕ್ರಿ.ಶ. 1443ರಲ್ಲಿ ಹೆರಾತಿನ ದೊರೆ ಶಾಹ್ ರುಖನ ರಾಯಭಾರಿ ಅಬ್ದುರ್ ರಝಾಕನು ವಿಜಯನಗರಕ್ಕೆ ಬಂದನು. ಆಗ ಆಳುತ್ತಿದ್ದವನು ಇಮ್ಮಡಿ ದೇವರಾಯ. 1426ರಲ್ಲಿ ಅದೇ ರಾಜಧಾನಿಯ ಎಲೆಯಡಿಕೆಯ ಅಂಗಡಿಬೀದಿಯಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದ ಅರಸ. ರಾಯಭಾರಿಯು ಐದು ಕುದುರೆಗಳನ್ನೂ, ಒಂಬತ್ತೊಂಬತ್ತು ಬೆಲೆಬಾಳುವ ವಸ್ತ್ರಗಳಿದ್ದ ಎರಡು ಹರಿವಾಣಗಳನ್ನೂ ಒಪ್ಪಿಸಿದನು. ಒಂಬತ್ತು ಎಂಬುದು ತುರ್ಕ-ಮಂಗೋಲ ಸಂಪ್ರದಾಯದಲ್ಲಿ ಕಾಣಿಕೆಗೆ ಶುಭವೆನಿಸಿದ ಸಂಖ್ಯೆ. ದಪ್ಪ ಉಡುಪಿನೊಳಗೆ ಬೆವರುತ್ತಿದ್ದ ಅತಿಥಿಯನ್ನು ಕಂಡು ಮರುಗಿದ ಅರಸನು ತನ್ನ ಕೈಯಲ್ಲಿದ್ದಂತಹುದೇ ಚೀನಾದ ಬೀಸಣಿಗೆಯೊಂದನ್ನು ಕೊಡಿಸಿದನು. ಬಳಿಕ ವೀಳ್ಯ, ಕರ್ಪೂರ, 500 ಪಣಗಳ ಚೀಲ ಬಂದವು. ಆ ನಾಡಿನ ಅರಸರು ರಾಯಭಾರಿಗಳಿಗೆ ಔತಣವಿಡುತ್ತಾರೆ. ಇಬ್ಬರಿಗೂ ಸಹಪಂಕ್ತಿಯಿಲ್ಲವಾದ್ದರಿಂದ ಈ ಹಣದ ಚೀಲವೇ ತಾವು ನೀಡುವ ಔತಣವೆಂದು ದೇವರಾಯನು ತಿಳಿಸಿದನೆಂದು ರಝಾಕನೇ ಬರೆದಿದ್ದಾನೆ. ಅತಿಥಿಯ ಪದ್ಧತಿಯನ್ನು ಅರಸನು ಅರಿತಿದ್ದನು. ತನ್ನ ಆಚಾರವನ್ನೂ ಬಿಡಲಿಲ್ಲ. ಕಾರಣವನ್ನು ಮರೆಮಾಚಲೂ ಇಲ್ಲ.

ಎರಡನೆಯದು ಪಡೆಯುವವನ ಪರೀಕ್ಷೆ. ಅಕ್ಬರನ ಆಹ್ವಾನದಂತೆ ಶ್ವೇತಾಂಬರ ಆಚಾರ್ಯ ಹೀರವಿಜಯಸೂರಿಗಳು ಗುಜರಾತಿನಿಂದ ಕಾಲ್ನಡಿಗೆಯಲ್ಲೇ ಹೊರಟು 1583ರಲ್ಲಿ ಫತೇಪುರ ಸಿಕ್ರಿಯನ್ನು ಸೇರಿದರು. ಬಾದಶಹನ ಕೊಡುಗೆಯನ್ನು ಒಲ್ಲೆನೆನ್ನುವುದು ಮೊಗಲ ದರ್ಬಾರಿನಲ್ಲಿ ಸಣ್ಣ ಮಾತಲ್ಲ. ಆದರೆ ಅಪರಿಗ್ರಹವು ಮುನಿಯ ಮಹಾವ್ರತ. ಆಚಾರ್ಯರು ಐಶ್ವರ್ಯವನ್ನು ಮುಟ್ಟಲಿಲ್ಲ. ಒತ್ತಾಯದ ಮೇಲೆ ಒಪ್ಪಿಕೊಂಡ ಗ್ರಂಥಭಂಡಾರವನ್ನೂ ತಮ್ಮದಾಗಿಸಿಕೊಳ್ಳದೆ ಆಗ್ರಾದಲ್ಲಿ ಇರಿಸಿದರು. ಕೊಡಲೇಬೇಕೆಂಬ ಅರಸನಿಗೆ ಅವರು ಬೇರೊಂದು ದಾರಿ ತೋರಿದರು: ಸೆರೆಯಾಳುಗಳಿಗೂ ಪಂಜರದ ಹಕ್ಕಿಗಳಿಗೂ ಬಿಡುಗಡೆ, ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆಗೆ ತಡೆ. ಕೊಡುಗೆಯು ಶಾಸ್ತ್ರದಾನವಾಯಿತು, ಅಭಯದಾನವಾಯಿತು. ಕೊಟ್ಟವನ ಗೌರವಕ್ಕೂ ಕುಂದು ಬರಲಿಲ್ಲ.

ಇಂದು ವಿದೇಶಕ್ಕೆ ಹೋಗುವ ಶ್ರಾವಕ ಕುಟುಂಬಗಳಿಗೂ ಈ ಎರಡು ಪ್ರಸಂಗಗಳು ದಾರಿದೀಪ. ಚೀನೀಯರಿಗೆ ಗಡಿಯಾರದ ಉಡುಗೊರೆ ಅಂತ್ಯಕಾಲವನ್ನು ನೆನಪಿಸುತ್ತದೆ. ಜಪಾನೀಯರಿಗೆ ನಾಲ್ಕೆಂಬ ಸಂಖ್ಯೆ ಅಶುಭ. ಹೋಗುವ ಮುನ್ನ ಇವನ್ನು ಅರಿಯುವುದು ದೇವರಾಯನ ಸೌಜನ್ಯ. ಅಲ್ಲಿಯವರು ಪ್ರೀತಿಯಿಂದ ಮದ್ಯವನ್ನೋ ಚರ್ಮದ ಚೀಲವನ್ನೋ ನೀಡಿದಾಗ ಮುಖ ಸಿಂಡರಿಸದೆ, ಸುಳ್ಳು ನೆಪವನ್ನೂ ಹೇಳದೆ, ತನ್ನ ವ್ರತವನ್ನು ವಿನಯದಿಂದ ತಿಳಿಸುವುದು ಸೂರಿಗಳ ಮಾರ್ಗ. ವಸ್ತುವನ್ನು ಒಲ್ಲೆನೆಂದರೂ ಅದರ ಹಿಂದಿನ ಮೈತ್ರಿಯನ್ನು ಸ್ವೀಕರಿಸಬಹುದು.