ಕಾರಿನ ಎಕ್ಸ್‌ಟೆಂಡೆಡ್ ವಾರಂಟಿ: ಗಲ್ಫ್‌ನಲ್ಲಿರುವವರಿಗೆ ಬೇಕಾ, ಬೇಡವಾ?

ಯುಎಇಯಲ್ಲಿ ಹೊಸ ಕಾರು ತಗೊಳ್ಳಲು ಹೋದವರಿಗೆ ಮಾಡೆಲ್, ಬಣ್ಣ, ಡೌನ್‌ಪೇಮೆಂಟ್ ಎಲ್ಲ ನಿರ್ಧಾರ ಆದ ಮೇಲೆ ಶೋರೂಮಿನವರು ಇನ್ನೊಂದು ಕಾಗದ ಮುಂದಿಡುತ್ತಾರೆ. ‘ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಿ ಸಾರ್, ತಿಂಗಳಿಗೆ ಬರೀ 60 ದಿರ್ಹಂ ಜಾಸ್ತಿ’ ಅಂತ. ಜೊತೆಗೆ ಬಂದ ಗೆಳೆಯ ‘ತಗೊಂಡ್ಬಿಡು ಮಾರಾಯ, ಗೇರ್‌ಬಾಕ್ಸ್ ಹೋದ್ರೆ ಕಥೆ ಮುಗೀತು’ ಅಂತಾನೆ. ಲೋನ್ ಕಾಗದಗಳಿಗೆ ಸಾಲಾಗಿ ಸಹಿ ಹಾಕುವ ಗಡಿಬಿಡಿಯಲ್ಲಿ ಇದಕ್ಕೂ ಒಂದು ಸಹಿ ಬಿದ್ದು ಹೋಗುತ್ತದೆ. ಹೀಗೆ ಹಾಕಿದ ಸಹಿ ಕೆಲವರಿಗೆ ಲಾಭ ತಂದಿದೆ, ಹಲವರಿಗೆ ಸುಮ್ಮನೆ ಖರ್ಚು. ಯಾರಿಗೆ ಯಾವುದು ಎಂಬುದು ಕಾರಿಗಿಂತ ಹೆಚ್ಚಾಗಿ ಕಾರು ಓಡಿಸುವವರ ವೀಸಾ, ಕೆಲಸ ಮತ್ತು ದಿನದ ಓಡಾಟದ ಮೇಲೆ ನಿಂತಿದೆ.

ಮೊದಲು ಆ 60 ದಿರ್ಹಂನ ಲೆಕ್ಕ. ವಾರಂಟಿಯ ಬೆಲೆ 3,000 ದಿರ್ಹಂ ಎಂದು ಇಟ್ಟುಕೊಳ್ಳೋಣ. ಶೇ. 5 ವ್ಯಾಟ್ ಸೇರಿ 3,150. ಇದನ್ನು ಕಾರಿನ ಲೋನಿಗೇ ಸೇರಿಸಿ, ಶೇ. 3 ಫ್ಲ್ಯಾಟ್ ದರದಲ್ಲಿ 60 ತಿಂಗಳು ಕಟ್ಟಿದರೆ ಬಡ್ಡಿ ಸುಮಾರು 472 ದಿರ್ಹಂ. ಒಟ್ಟು 3,622, ಅಂದರೆ ತಿಂಗಳಿಗೆ 60. ಸೇಲ್ಸ್‌ಮ್ಯಾನ್ ಸುಳ್ಳು ಹೇಳಿಲ್ಲ, ಆದರೆ ಪೂರ್ತಿಯೂ ಹೇಳಿಲ್ಲ. ತಗೊಳ್ಳುವುದೇ ಆದರೆ ಲೋನಿಗೆ ಸೇರಿಸದೆ ಕೈಯಿಂದ ಕಟ್ಟುವುದು ಲೇಸು. ಸೌದಿಯಲ್ಲಿ ವ್ಯಾಟ್ ಶೇ. 15 ಇರುವುದರಿಂದ ಅಲ್ಲಿನವರು ಕೇಳಿದ ಬೆಲೆಯಲ್ಲಿ ವ್ಯಾಟ್ ಸೇರಿದೆಯೇ ಇಲ್ಲವೇ ಎಂದು ಮೊದಲೇ ಖಚಿತ ಮಾಡಿಕೊಳ್ಳಬೇಕು.

ಇವತ್ತು ದುಡ್ಡು, ಮೂರು ವರ್ಷದ ನಂತರ ಶುರು

ಹೆಚ್ಚಿನವರು ಗಮನಿಸದ ಸಂಗತಿ ಇದು: ಇವತ್ತು ದುಡ್ಡು ಕೊಟ್ಟ ಎಕ್ಸ್‌ಟೆಂಡೆಡ್ ವಾರಂಟಿ ಇವತ್ತು ಶುರು ಆಗುವುದಿಲ್ಲ. ಗಲ್ಫ್‌ನಲ್ಲಿ ಮಾರಾಟವಾಗುವ ಬಹಳಷ್ಟು ಹೊಸ ಕಾರುಗಳಿಗೆ ಕಂಪೆನಿಯದೇ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಕೆಲವು ಕೊರಿಯಾ, ಚೀನಾ ಬ್ರಾಂಡ್‌ಗಳಲ್ಲಿ 5 ವರ್ಷ, ಅದಕ್ಕೂ ಹೆಚ್ಚು ಇದೆ. ಅದು ಮುಗಿದ ಮೇಲಷ್ಟೇ ದುಡ್ಡು ಕೊಟ್ಟ ಭಾಗ ಲೆಕ್ಕಕ್ಕೆ ಬರುವುದು. ನಾಲ್ಕನೇ ವರ್ಷದಲ್ಲಿ ಆಗಬಹುದಾದ ರಿಪೇರಿಗೆ ಮೊದಲ ದಿನವೇ ಕಟ್ಟಿದ ಹಣ ಅದು.

ಊರಲ್ಲಿ ಕಾರು ತಗೊಂಡವರಿಗೆ ಇದು ದೊಡ್ಡ ಚಿಂತೆಯಲ್ಲ, ಹತ್ತು ವರ್ಷ ಅದೇ ಕಾರು, ಅದೇ ಅಂಗಳ. ಗಲ್ಫ್‌ನಲ್ಲಿ ಹಾಗಲ್ಲ. ಯುಎಇಯಲ್ಲಿ ಖಾಸಗಿ ಕಂಪೆನಿಯ ಕೆಲಸದ ವೀಸಾ ಸಾಮಾನ್ಯವಾಗಿ ಎರಡು ವರ್ಷದ್ದು. ಪ್ರಾಜೆಕ್ಟ್ ಮುಗಿದರೆ, ಕಂಪೆನಿ ಜನ ಕಡಿಮೆ ಮಾಡಿದರೆ, ಊರಲ್ಲಿ ಅಪ್ಪ ಅಮ್ಮನಿಗೆ ಹುಷಾರಿಲ್ಲದಿದ್ದರೆ ಎಲ್ಲ ಬಿಟ್ಟು ಹೊರಡಬೇಕು. ಕಾರನ್ನು ಜೊತೆಗೆ ಒಯ್ಯುವಂತೆಯೂ ಇಲ್ಲ. ಇಲ್ಲಿನ ಕಾರುಗಳ ಸ್ಟೀರಿಂಗ್ ಎಡಗಡೆ, ಭಾರತಕ್ಕೆ ತರಿಸುವ ಕಾರಿಗೆ ಬಲಗಡೆ ಇರಬೇಕು. ಹಾಗಾಗಿ ಗಲ್ಫ್‌ನಲ್ಲಿ ಕೊಂಡ ಕಾರನ್ನು ಗಲ್ಫ್‌ನಲ್ಲೇ ಮಾರಿ ಬರಬೇಕು, ಅದರ ವಾರಂಟಿಯ ಬೆಲೆಯೂ ಇಲ್ಲೇ ತೀರಬೇಕು.

ಆದರೆ ಇದೇ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಯುಎಇ ಸೆಂಟ್ರಲ್ ಬ್ಯಾಂಕ್ ನಿಯಮದಂತೆ ಕಾರಿನ ಲೋನ್ ಬೆಲೆಯ ಶೇ. 80ರವರೆಗೆ, ಅವಧಿ ಹೆಚ್ಚೆಂದರೆ 60 ತಿಂಗಳು. ಬಹಳಷ್ಟು ಮಂದಿ ಪೂರ್ತಿ ಐದು ವರ್ಷದ ಕಂತು ಹಾಕಿಸಿಕೊಳ್ಳುತ್ತಾರೆ. ಕಂಪೆನಿ ವಾರಂಟಿ ಮೂರು ವರ್ಷಕ್ಕೆ ಮುಗಿದರೆ ಕೊನೆಯ ಎರಡು ವರ್ಷ ಕಂತೂ ಕಟ್ಟಬೇಕು, ರಿಪೇರಿಯೂ ಕೈಯಿಂದಲೇ. ಮನೆ ಬಾಡಿಗೆ, ಮಕ್ಕಳ ಶಾಲೆ ಫೀಸು, ಊರಿಗೆ ಕಳಿಸುವ ಹಣ ಕಳೆದು ಏನೂ ಉಳಿಯದ ಮನೆಯಲ್ಲಿ ಆ ಎರಡು ವರ್ಷದಲ್ಲಿ ಬರುವ ಒಂದು ದೊಡ್ಡ ಬಿಲ್ಲು ಕ್ರೆಡಿಟ್ ಕಾರ್ಡ್ ಸಾಲಕ್ಕೆ ದಾರಿ ಮಾಡುತ್ತದೆ. ಇಂಥವರಿಗೆ ವಾರಂಟಿ ದುಬಾರಿಯಾದರೂ ಅರ್ಥ ಇದೆ.

ಕಿಲೋಮೀಟರ್ ಮೊದಲು ಮುಗಿಯುತ್ತದೆ

ಅಜ್ಮಾನ್‌ನಲ್ಲಿ ಮನೆ ಮಾಡಿಕೊಂಡು ಜೆಬೆಲ್ ಅಲಿಯಲ್ಲಿ ಕೆಲಸ ಮಾಡುವವರಿಗೆ ಹೋಗಿ ಬರಲು ದಿನಕ್ಕೆ 130 ಕಿ.ಮೀ. ಎಂದು ಹಿಡಿಯೋಣ. ತಿಂಗಳಿಗೆ 26 ದಿನ ಅಂದರೆ 3,380 ಕಿ.ಮೀ. ಕಂಪೆನಿಯ 1 ಲಕ್ಷ ಕಿ.ಮೀ. ವಾರಂಟಿ ಎರಡೂವರೆ ವರ್ಷದೊಳಗೇ ಮುಗಿಯುತ್ತದೆ, ಮೂರು ವರ್ಷ ಎಂಬುದು ಕಾಗದದಲ್ಲಿ ಮಾತ್ರ. ‘ಇನ್ನೂ 2 ವರ್ಷ ಅಥವಾ 50,000 ಕಿ.ಮೀ.’ ಎಂಬ ಎಕ್ಸ್‌ಟೆಂಡೆಡ್ ವಾರಂಟಿ ಅವರಿಗೆ ಸಿಗುವುದು ಹದಿನೈದು ತಿಂಗಳಷ್ಟೇ. ಕೆಲವು ಯೋಜನೆಗಳಲ್ಲಿ ಇನ್ನೂ ಒಂದು ತೊಡಕು ಇರುತ್ತದೆ: ಕಿ.ಮೀ. ಮುಗಿದು ಕಂಪೆನಿ ವಾರಂಟಿ ನಿಂತರೂ ಎಕ್ಸ್‌ಟೆಂಡೆಡ್ ಭಾಗ ಶುರುವಾಗುವ ತಾರೀಕು ಮೂರು ವರ್ಷದ ನಂತರವೇ. ನಡುವಿನ ತಿಂಗಳುಗಳಿಗೆ ಯಾರೂ ದಿಕ್ಕಿಲ್ಲ. ಶುರುವಾಗುವುದು ತಾರೀಕಿನಿಂದಲೋ, ಕಿ.ಮೀ. ಮುಗಿದ ಕ್ಷಣದಿಂದಲೋ ಎಂದು ಬರವಣಿಗೆಯಲ್ಲಿ ಕೇಳಬೇಕು.

ಇದಕ್ಕೆ ತದ್ವಿರುದ್ಧ, ಮಕ್ಕಳನ್ನು ಶಾಲೆಗೆ ಬಿಟ್ಟು ಲುಲುವಿಗೆ ಹೋಗಿ ಬರುವಷ್ಟೇ ಓಡುವ ಕಾರು. ವರ್ಷಕ್ಕೆ ಎಂಟು ಹತ್ತು ಸಾವಿರ ಕಿ.ಮೀ. ಅದಕ್ಕೆ ವಾರಂಟಿಯ ಪೂರ್ತಿ ಅವಧಿ ಸಿಗುತ್ತದೆ, ಆದರೆ ಅಷ್ಟು ಕಡಿಮೆ ಓಡಿದ ಎಂಜಿನ್, ಗೇರ್‌ಬಾಕ್ಸ್ ಐದು ವರ್ಷದೊಳಗೆ ಕೈ ಕೊಡುವ ಸಂಭವವೂ ಕಡಿಮೆ.

ಕೊಡುವವರು ಯಾರು?

ಹೆಸರು ಒಂದೇ ಆದರೂ ಕೊಡುವವರು ಬೇರೆ ಬೇರೆ. ಕಾರು ತಯಾರಕರೇ ಕೊಡುವ ವಿಸ್ತರಣೆ ಒಂದು, ಅದು ಎಲ್ಲಕ್ಕಿಂತ ಗಟ್ಟಿ. ಡೀಲರ್ ತನ್ನದೇ ಹೆಸರಲ್ಲಿ ಕೊಡುವುದು ಇನ್ನೊಂದು. ಅದು ಆ ಡೀಲರ್‌ನ ವರ್ಕ್‌ಶಾಪ್‌ನಲ್ಲಿ ಮಾತ್ರ ನಡೆಯಬಹುದು, ದುಬೈಯಿಂದ ಮಸ್ಕತ್‌ಗೆ ಹೋದಾಗ ಕಾರು ನಿಂತರೆ ಅಲ್ಲಿ ಕೇಳುವವರಿಲ್ಲ. ಮೂರನೆಯದು ಬೇರೆ ವಾರಂಟಿ ಕಂಪೆನಿ ಅಥವಾ ವಿಮಾ ಕಂಪೆನಿಯ ಹಿಂಬಲದಲ್ಲಿ ಮಾರುವಂಥದ್ದು. ಶೋರೂಮಿನಲ್ಲಿ ಕೂತೇ ಸಹಿ ಹಾಕಿದರೂ ಕ್ಲೇಮ್ ಪಾಸ್ ಮಾಡುವುದು ಆ ಹೊರಗಿನ ಕಂಪೆನಿ. ಕಾಗದದ ಮೇಲ್ಭಾಗದ ಲೋಗೋ ನೋಡಿ ನಂಬದೆ, ಹಣ ಕೊಡುವ ಹೊಣೆ ಯಾರದ್ದೆಂದು ಬರೆದ ಸಾಲನ್ನು ಹುಡುಕಿ ಓದಬೇಕು.

‘ಇನ್ಶೂರೆನ್ಸ್‌ನಲ್ಲಿ ಏಜೆನ್ಸಿ ರಿಪೇರಿ ಇದೆಯಲ್ಲ, ಮತ್ತೆ ವಾರಂಟಿ ಯಾಕೆ?’ ಎಂದು ಕೇಳುವವರಿದ್ದಾರೆ. ಎರಡೂ ಬೇರೆ. ಏಜೆನ್ಸಿ ರಿಪೇರಿ ಎಂದರೆ ಅಪಘಾತ ಆದಾಗ ಏಜೆನ್ಸಿಯಲ್ಲಿ ಸರಿಮಾಡಿಸುವ ಸೌಲಭ್ಯ. ಓಡುತ್ತಿದ್ದ ಗೇರ್‌ಬಾಕ್ಸ್ ತಾನಾಗಿ ಕೆಟ್ಟರೆ ಕಾರಿನ ವಿಮೆ ಒಂದು ದಿರ್ಹಂ ಕೊಡುವುದಿಲ್ಲ. ಹಾಗೆಯೇ ಸರ್ವಿಸ್ ಕಾಂಟ್ರ್ಯಾಕ್ಟ್ ಕೂಡ ವಾರಂಟಿ ಅಲ್ಲ, ಅದು ಆಯಿಲ್, ಫಿಲ್ಟರ್ ಬದಲಾವಣೆಗೆ ಮುಂಗಡ ಪಾವತಿ. ಎರಡನ್ನೂ ಸೇರಿಸಿ ಒಂದೇ ಪ್ಯಾಕೇಜ್ ಎಂದು ಕೊಟ್ಟರೆ ಬೆಲೆ ಬೇರೆ ಬೇರೆ ಬರೆಸಿಕೊಳ್ಳಬೇಕು.

ಈ ಬಿಸಿಲಿಗೆ ಹಾಳಾಗುವುದು ಏನು?

ಗಲ್ಫ್‌ನ ಬೇಸಿಗೆಗೆ ಮೊದಲು ಸೋಲುವುದು ಬ್ಯಾಟರಿ, ಟೈರು, ವೈಪರ್, ರಬ್ಬರ್ ಹೋಸು, ಬುಶ್‌ಗಳು. ಇವೆಲ್ಲ ಸವೆಯುವ ಭಾಗಗಳು ಎಂಬ ಕಾರಣಕ್ಕೆ ಎಕ್ಸ್‌ಟೆಂಡೆಡ್ ವಾರಂಟಿಗಳು ಇವನ್ನು ಸಾಮಾನ್ಯವಾಗಿ ಹೊರಗೇ ಇಡುತ್ತವೆ. ಬ್ರೇಕ್ ಪ್ಯಾಡ್, ಕ್ಲಚ್, ಎಸಿ ಗ್ಯಾಸ್ ಕೂಡ ಅಷ್ಟೇ. ನಿಜವಾಗಿ ಉಪಯೋಗಕ್ಕೆ ಬರುವುದು ಎಸಿ ಕಂಪ್ರೆಸರ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್, ವಾಟರ್ ಪಂಪ್, ರೇಡಿಯೇಟರ್, ಆಲ್ಟರ್ನೇಟರ್, ಕಂಟ್ರೋಲ್ ಯುನಿಟ್‌ಗಳಿಗೆ. ವರ್ಷದ ಬಹುಪಾಲು ಎಸಿ ಹಾಕಿಯೇ ಓಡುವ ಊರಿನಲ್ಲಿ ಕಂಪ್ರೆಸರ್ ಮತ್ತು ಗೇರ್‌ಬಾಕ್ಸ್ ಪಟ್ಟಿಯಲ್ಲಿ ಇಲ್ಲದ ವಾರಂಟಿಗೆ ದುಡ್ಡು ಹಾಕುವುದೇ ದಂಡ. ಅಗ್ಗದ ‘ಪವರ್‌ಟ್ರೇನ್’ ವಾರಂಟಿಯಲ್ಲಿ ಎಂಜಿನ್, ಗೇರ್‌ಬಾಕ್ಸ್ ಇದ್ದರೂ ಎಸಿ ಇರದೇ ಇರಬಹುದು.

ಪಟ್ಟಿ ಎರಡು ಬಗೆ. ‘ಈ ಭಾಗಗಳಿಗೆ ಮಾತ್ರ ಇದೆ’ ಎಂದು ಬರೆದದ್ದು ಒಂದು, ‘ಈ ಭಾಗಗಳನ್ನು ಬಿಟ್ಟು ಎಲ್ಲಕ್ಕೂ ಇದೆ’ ಎಂದು ಬರೆದದ್ದು ಇನ್ನೊಂದು. ಎರಡನೆಯದೇ ಮೇಲು. ಪ್ರತಿ ಕ್ಲೇಮಿಗೆ ಇಷ್ಟೇ ಎಂಬ ಮಿತಿ, ಪ್ರತಿ ಸಲ ಕೈಯಿಂದ ಕೊಡಬೇಕಾದ ಮೊತ್ತ, ದೋಷ ಪತ್ತೆ ಮಾಡುವ ಚಾರ್ಜು ಯಾರ ತಲೆಗೆ, ಇವು ಸಣ್ಣ ಅಕ್ಷರದಲ್ಲಿ ಇರುತ್ತವೆ. ಹೈಬ್ರಿಡ್, ಎಲೆಕ್ಟ್ರಿಕ್ ಕಾರು ತಗೊಳ್ಳುವವರು ದೊಡ್ಡ ಬ್ಯಾಟರಿಗೆ ತಯಾರಕರದ್ದೇ ಬೇರೆ ವಾರಂಟಿ ಎಷ್ಟು ವರ್ಷ ಇದೆ ಎಂದು ನೋಡಿಕೊಳ್ಳಬೇಕು. ಹಲವು ಕಾರುಗಳಲ್ಲಿ ಅದು 8 ವರ್ಷ ಇರುತ್ತದೆ. ಇದ್ದದ್ದಕ್ಕೆ ಮತ್ತೆ ದುಡ್ಡು ಕೊಡುವುದು ಬೇಡ.

ನೀರಿನ ವಿಷಯ ಬೇರೆಯೇ ಹೇಳಬೇಕು. 2024ರ ಏಪ್ರಿಲ್ 16ರಂದು ಯುಎಇಯಲ್ಲಿ ಸುರಿದ ಮಳೆ ಯಾರಿಗೂ ಮರೆತಿಲ್ಲ. ಅಲ್ ಐನ್‌ನ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254 ಮಿ.ಮೀ. ದಾಖಲಾಯಿತು. ದುಬೈ, ಶಾರ್ಜಾದ ರಸ್ತೆ, ಪಾರ್ಕಿಂಗ್‌ಗಳಲ್ಲಿ ಕಾರುಗಳು ಮುಳುಗಿ ನಿಂತವು. ನೆರೆ ನೀರಿನಿಂದ ಹಾಳಾದ ಎಂಜಿನ್ ವಾರಂಟಿಗೆ ಬರುವುದಿಲ್ಲ, ಎಕ್ಸ್‌ಟೆಂಡೆಡ್ ಇದ್ದರೂ ಅಷ್ಟೇ. ಅದಕ್ಕೆ ಬೇಕಾದದ್ದು ಪ್ರಕೃತಿ ವಿಕೋಪವೂ ಸೇರಿರುವ ಫುಲ್ ಇನ್ಶೂರೆನ್ಸ್.

ಸರ್ವಿಸ್ ಎಲ್ಲಿ ಮಾಡಿಸಿದ್ದು?

ವಾರಂಟಿ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಏಜೆನ್ಸಿಯಲ್ಲಿ ಸರ್ವಿಸ್ ದುಬಾರಿ ಎಂದು ಅಲ್ ಕೂಝ್, ಶಾರ್ಜಾ ಇಂಡಸ್ಟ್ರಿಯಲ್ ಏರಿಯಾ ಅಥವಾ ಮುಸಫ್ಫಾದ ಪರಿಚಯದ ಗ್ಯಾರೇಜಿಗೆ ಹೋಗುವುದು ಸಹಜ. ಕೆಲಸವೂ ಚೆನ್ನಾಗಿಯೇ ಇರಬಹುದು. ಆದರೆ ಒಪ್ಪಂದದಲ್ಲಿ ‘ಪ್ರತಿ 10,000 ಕಿ.ಮೀ.ಗೆ ಏಜೆನ್ಸಿಯಲ್ಲೇ’ ಎಂದಿದ್ದರೆ ಒಂದು ಸರ್ವಿಸ್ ಹೊರಗೆ ಮಾಡಿಸಿದ್ದೇ ಕ್ಲೇಮ್ ನಿರಾಕರಿಸಲು ನೆಪವಾಗುತ್ತದೆ. ತಡವಾಗಿ ಮಾಡಿಸಿದರೂ ಹಾಗೆಯೇ. ರಜೆಯಲ್ಲಿ ಎರಡು ತಿಂಗಳು ಊರಿಗೆ ಹೋಗುವವರು ಸರ್ವಿಸ್ ತಾರೀಕು ಆ ನಡುವೆ ಬೀಳುವುದಾದರೆ ಮೊದಲೇ ಮಾಡಿಸಿ ಹೋಗಬೇಕು.

ಹಾಗಾಗಿ ವಾರಂಟಿಯ ನಿಜವಾದ ಬೆಲೆ 3,000 ದಿರ್ಹಂ ಮಾತ್ರ ಅಲ್ಲ. ಏಜೆನ್ಸಿ ಸರ್ವಿಸ್ ಬಿಲ್ಲಿಗೂ ಹೊರಗಿನ ಗ್ಯಾರೇಜ್ ಬಿಲ್ಲಿಗೂ ಇರುವ ವ್ಯತ್ಯಾಸವನ್ನು ಅಷ್ಟೂ ವರ್ಷಕ್ಕೆ ಕೂಡಿಸಿ ನೋಡಿದರೆ ಮಾತ್ರ ಪೂರ್ತಿ ಲೆಕ್ಕ ಸಿಗುತ್ತದೆ. ಕೆಲವು ಕಾರುಗಳಲ್ಲಿ ಆ ವ್ಯತ್ಯಾಸ ವಾರಂಟಿಯ ಬೆಲೆಯನ್ನೇ ಮೀರುತ್ತದೆ.

ಯಾವ ಕಾರು, ಯಾರ ಜೇಬು

ಇಲ್ಲಿ ಎಲ್ಲೆಲ್ಲೂ ಕಾಣುವ ಜಪಾನಿ ಸೆಡಾನ್‌ಗಳಿಗೆ ಬಿಡಿಭಾಗ ಧಾರಾಳ. ಶಾರ್ಜಾದ ಹಳೇ ಸ್ಪೇರ್‌ಪಾರ್ಟ್ಸ್ ಅಂಗಡಿಗಳಲ್ಲಿ ಬಳಸಿದ ಗೇರ್‌ಬಾಕ್ಸ್, ಕಂಪ್ರೆಸರ್ ಸಿಗುತ್ತವೆ, ಕೂರಿಸುವ ಮೆಕ್ಯಾನಿಕ್‌ಗಳೂ ಇದ್ದಾರೆ. ಇಂಥ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ ಅಷ್ಟೇನೂ ಅಗತ್ಯವಿಲ್ಲ. ಟರ್ಬೊ, ಏರ್ ಸಸ್ಪೆನ್ಷನ್, ಹತ್ತಾರು ಸೆನ್ಸರ್ ಇರುವ ಯುರೋಪಿನ ಕಾರುಗಳ ಕಥೆ ಬೇರೆ. ಅವುಗಳಲ್ಲಿ ಒಂದು ರಿಪೇರಿಯೇ ವಾರಂಟಿಯ ಬೆಲೆ ದಾಟಬಹುದು. ಊಹೆಯ ಮೇಲೆ ನಿರ್ಧರಿಸುವುದಕ್ಕಿಂತ ಏಜೆನ್ಸಿಯ ಪಾರ್ಟ್ಸ್ ಕೌಂಟರ್‌ನಲ್ಲಿ ಗೇರ್‌ಬಾಕ್ಸ್, ಕಂಪ್ರೆಸರ್ ಎರಡರ ಬೆಲೆ ಕೇಳಿದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಇನ್ನೊಂದು ದಾರಿಯೂ ಇದೆ. ಕಂಪೆನಿ ವಾರಂಟಿ ಇರುವ ಮೂರು ವರ್ಷ ತಿಂಗಳಿಗೆ 100 ದಿರ್ಹಂ ಬೇರೆ ಖಾತೆಗೆ ಹಾಕಿದರೆ 3,600 ದಿರ್ಹಂ ಆಗುತ್ತದೆ. ರಿಪೇರಿ ಬಂದರೆ ಇದೆ, ಬರದಿದ್ದರೆ ಊರಿಗೆ ಹೊರಡುವಾಗ ಕೈಯಲ್ಲೇ ಇರುತ್ತದೆ. ಆದರೆ ಆ ಹಣವನ್ನು ಮುಟ್ಟದೆ ಇಡುವ ಶಿಸ್ತು ಬೇಕು, ಚೀಟಿ ಎತ್ತಿದ ಹಾಗೆ ಮಧ್ಯದಲ್ಲಿ ತೆಗೆಯುವವರಿಗೆ ಇದು ಆಗದು. ಮೊದಲ ದಿನವೇ ತಗೊಳ್ಳಬೇಕೆಂಬ ಒತ್ತಾಯಕ್ಕೂ ಮಣಿಯಬೇಕಿಲ್ಲ. ಕಂಪೆನಿ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಕೊಳ್ಳಲು ಬಿಡುವ ಡೀಲರ್‌ಗಳಿದ್ದಾರೆ, ಬೆಲೆ ಸ್ವಲ್ಪ ಹೆಚ್ಚಿರಬಹುದು. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದವರಿಗೆ ಎರಡೂವರೆ ವರ್ಷ ಕಾದು ನೋಡುವುದೇ ಜಾಣತನ.

ಸೆಕೆಂಡ್ ಹ್ಯಾಂಡ್ ಕಾರಿಗೆ

ಹಳೇ ಕಾರಿನ ಜೊತೆ ಡೀಲರ್ ‘ಒಂದು ವರ್ಷ ವಾರಂಟಿ ಫ್ರೀ’ ಎಂದರೆ ಇನ್ನೂ ಹುಷಾರಾಗಿರಬೇಕು. ಕೊಳ್ಳುವ ಮೊದಲೇ ಇದ್ದ ದೋಷಕ್ಕೆ ಅದು ಅನ್ವಯಿಸುವುದಿಲ್ಲ, ಮೊದಲ ಕೆಲವು ವಾರ ಕ್ಲೇಮ್ ಇಲ್ಲ ಎಂಬ ಷರತ್ತೂ ಇರಬಹುದು. ಕಾರು ಜಿಸಿಸಿ ಸ್ಪೆಕ್ ಹೌದೇ ನೋಡಬೇಕು. ಅಮೆರಿಕದಿಂದ ತಂದ ಕಾರಿಗೆ ಇಲ್ಲಿನ ಏಜೆನ್ಸಿಯ ವಾರಂಟಿ ನಡೆಯುವುದಿಲ್ಲ. ಚಾಸಿ ನಂಬರ್ ಹಾಕಿ ಎಮಿರೇಟ್ಸ್ ವೆಹಿಕಲ್ ಗೇಟ್‌ನಲ್ಲಿ ಅಪಘಾತದ ಇತಿಹಾಸ ನೋಡುವುದು, ತಸ್ಜೀಲ್‌ನಂಥ ಸೆಂಟರ್‌ನಲ್ಲಿ ಪೂರ್ತಿ ಚೆಕ್ ಮಾಡಿಸುವುದು, ಇವಕ್ಕೆ ಖರ್ಚು ಮಾಡಿದ ಹಣ ಎಷ್ಟೋ ವಾರಂಟಿಗಳಿಗಿಂತ ಹೆಚ್ಚು ಕಾಪಾಡುತ್ತದೆ. ತಯಾರಕರು ರೀಕಾಲ್ ಮಾಡಿದ ದೋಷವಾದರೆ ವಾರಂಟಿ ಮುಗಿದಿದ್ದರೂ ಏಜೆನ್ಸಿ ಉಚಿತವಾಗಿ ಸರಿಮಾಡಿಕೊಡುತ್ತದೆ.

ಕ್ಲೇಮ್, ದೂರು, ಮಾರಾಟ

ಕಾರು ಕೆಟ್ಟರೆ ಮೊದಲು ಗ್ಯಾರೇಜಿನಲ್ಲಿ ಬಿಚ್ಚಿಸಿ ನಂತರ ವಾರಂಟಿ ಕಂಪೆನಿಗೆ ಹೇಳಿದರೆ ಕೆಲಸ ಕೆಡುತ್ತದೆ. ಒಪ್ಪಿಗೆ ಮೊದಲು, ಸ್ಪ್ಯಾನರ್ ಆಮೇಲೆ. ಟೆಂಪರೇಚರ್ ಮುಳ್ಳು ಮೇಲೇರಿದ ಮೇಲೂ ಮನೆ ತಲುಪೋಣ ಎಂದು ಓಡಿಸಿದರೆ, ಅದರಿಂದ ಸುಟ್ಟ ಎಂಜಿನ್‌ಗೆ ಯಾರೂ ಹಣ ಕೊಡುವುದಿಲ್ಲ. ಸರ್ವಿಸ್ ಬಿಲ್ಲುಗಳ ಫೋಟೊ ಮೊಬೈಲ್‌ನಲ್ಲಿ ಇರಲಿ. ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಲು ಕೇಳಬೇಕು, ಫೋನ್ ಮಾತಿಗೆ ಬೆಲೆಯಿಲ್ಲ. ಯುಎಇಯ 2020ರ ಗ್ರಾಹಕ ಸಂರಕ್ಷಣಾ ಕಾನೂನಿನಡಿ ಕೊಟ್ಟ ವಾರಂಟಿಯನ್ನು ನಡೆಸಿಕೊಡುವುದು ಮಾರಿದವರ ಹೊಣೆ. ಡೀಲರ್ ಮೇಲೆ ದೂರು ಇದ್ದರೆ ಆರ್ಥಿಕ ಸಚಿವಾಲಯಕ್ಕೆ, ದುಬೈಯಲ್ಲಾದರೆ ಅಲ್ಲಿನ ಗ್ರಾಹಕ ರಕ್ಷಣಾ ವಿಭಾಗಕ್ಕೆ ಕೊಡಬಹುದು. ವಿಮಾ ಕಂಪೆನಿಯ ಪಾಲಿಸಿಯಾಗಿದ್ದರೆ ‘ಸನದಕ್’ ಎಂಬ ಒಂಬುಡ್ಸ್‌ಮನ್ ಘಟಕ ಇದೆ. ಸೌದಿಯಲ್ಲಿ ವಾಣಿಜ್ಯ ಸಚಿವಾಲಯದ 1900 ನಂಬರ್.

ಸಹಿ ಹಾಕುವ ಮೊದಲು ಕೇಳಲೇಬೇಕಾದ ಎರಡು ಪ್ರಶ್ನೆ ಉಳಿದಿವೆ. ಕಾರು ಮಾರಿದರೆ ವಾರಂಟಿ ಹೊಸ ಮಾಲೀಕರ ಹೆಸರಿಗೆ ಹೋಗುತ್ತದೆಯೇ? ಶುರುವಾಗುವ ಮೊದಲೇ ವೀಸಾ ಕ್ಯಾನ್ಸಲ್ ಆದರೆ ಹಣ ವಾಪಸ್ ಬರುತ್ತದೆಯೇ, ಬಂದರೆ ಎಷ್ಟು? ಹೆಸರು ಬದಲಾಯಿಸಲು ಬಿಡುವ ವಾರಂಟಿ ಇದ್ದರೆ ಕಾರಿಗೆ ನಾಲ್ಕು ಕಾಸು ಹೆಚ್ಚು ಸಿಗುವ ಸಾಧ್ಯತೆ ಇದೆ, ಆದರೆ ಮಾರಿದ ಎಷ್ಟು ದಿನದೊಳಗೆ ತಿಳಿಸಬೇಕು, ಅದಕ್ಕೆ ಫೀಸು ಎಷ್ಟು ಎಂಬುದನ್ನೂ ಒಪ್ಪಂದದಲ್ಲೇ ನೋಡಬೇಕು. ವಿಮಾನದ ಟಿಕೆಟ್ ಕೈಯಲ್ಲಿ ಹಿಡಿದು ಮುಲ್ಕಿಯಾ ವರ್ಗಾವಣೆಗೆ ಓಡುವ ಕೊನೆಯ ವಾರದಲ್ಲಿ ಈ ಕಾಗದ ಹುಡುಕಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಮಾರಾಟಕ್ಕೆ ಕಾರಿನ ಫೋಟೊ ಹಾಕುವ ದಿನವೇ ಸರ್ವಿಸ್ ಬಿಲ್ಲುಗಳ ಜೊತೆ ಇದನ್ನೂ ತೆಗೆದಿಡಬೇಕು.