ಮೊದಲ ಪುಸ್ತಕಕ್ಕೂ ಮುನ್ನ: ಕನ್ನಡ ಸಾಹಿತ್ಯ ಪತ್ರಿಕೆಗಳು ಮತ್ತು ಹೊಸ ಲೇಖಕರು

ಕನ್ನಡದ ಹೊಸ ಲೇಖಕರಿಗೆ ಪ್ರಕಟಣೆಯ ಅವಕಾಶ ಯಾರಿಂದ ಒದಗಿತು, ಅದು ಎಷ್ಟು ಕಾಲ ಉಳಿಯಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅವಕಾಶವೆಂಬುದರಲ್ಲಿ ಇಲ್ಲಿ ಮೂರು ಅಂಶಗಳನ್ನು ಸೇರಿಸಿಕೊಳ್ಳಲಾಗಿದೆ: ಬರಹ ಅಚ್ಚಾಗುವುದು, ಸಂಪಾದಕರ ಓದಿಗೆ ಒಳಗಾಗುವುದು, ಅದರ ಬಗ್ಗೆ ಚರ್ಚೆ ನಡೆಯುವುದು.

1960ರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಈ ಮೂರನ್ನೂ ಒದಗಿಸಿತು. ನವ್ಯದ ಕವಿತೆ, ಕತೆ, ವಿಮರ್ಶೆಗಳು ಅಲ್ಲಿ ಒಂದರ ಪಕ್ಕ ಒಂದು ಪ್ರಕಟವಾದವು. ಆದರೆ ಪತ್ರಿಕೆಗೆ ಬಲ ಕೊಟ್ಟ ಸಂಪಾದಕೀಯ ಅಭಿರುಚಿಯೇ ಅದರ ಎಲ್ಲೆಯನ್ನೂ ನಿರ್ಧರಿಸುತ್ತದೆ. ಬೇರೆ ದಾರಿ ಹಿಡಿದವರು ಬೇರೆ ವೇದಿಕೆಯನ್ನೇ ಕಟ್ಟಿಕೊಳ್ಳಬೇಕಾಗುತ್ತದೆ.

ತರುಣರೇ ಕಟ್ಟಿಕೊಂಡ ವೇದಿಕೆಗೆ ಧಾರವಾಡದ ‘ಸಂಕ್ರಮಣ’ ಉತ್ತಮ ನಿದರ್ಶನ. 1964ರಲ್ಲಿ ಅದನ್ನು ಆರಂಭಿಸಿದ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಮೂವರೂ 1939ರಲ್ಲಿ ಹುಟ್ಟಿದವರು. ಇಪ್ಪತ್ತೈದರ ಆಸುಪಾಸಿನಲ್ಲೇ ಸಂಪಾದಕರಾದ ಅವರು ತಮ್ಮ ಓರಗೆಯವರಿಗೂ ಜಾಗ ಮಾಡಿಕೊಟ್ಟರು. ಮುಂದೆ ಇದೇ ಪತ್ರಿಕೆ ಬಂಡಾಯ ಸಾಹಿತ್ಯಕ್ಕೂ ದನಿಯಾಯಿತು.

ಇಂಥ ಪತ್ರಿಕೆಗಳ ಆಯುಷ್ಯ ಬಹುಪಾಲು ಒಬ್ಬಿಬ್ಬರ ದುಡಿಮೆಯನ್ನೇ ನಂಬಿರುತ್ತದೆ. ವಿವೇಕ ಶಾನಭಾಗರ ತ್ರೈಮಾಸಿಕ ‘ದೇಶ ಕಾಲ’ 2005ರಿಂದ ಏಳು ವರ್ಷ ನಡೆದು ನಿಂತಿತು. ಸಂಸ್ಥೆಯ ಆಸರೆಯಿದ್ದಲ್ಲಿ ಕೆಲಸ ಹೆಚ್ಚು ಕಾಲ ಉಳಿಯುತ್ತದೆ ಎಂಬುದಕ್ಕೆ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ ಸಾಕ್ಷಿ. ಚಿ. ಶ್ರೀನಿವಾಸರಾಜು ಅವರು ಬೆಳೆಸಿದ ಈ ಸಂಘ ಬೇಂದ್ರೆ ಹೆಸರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕವನ ಸ್ಪರ್ಧೆ ನಡೆಸಿ, ಆಯ್ದ ಕವಿತೆಗಳನ್ನು ಸಂಕಲನವಾಗಿ ಹೊರತಂದಿತು. ಆದರೂ ಸ್ಪರ್ಧೆಗೆ ಅದರದೇ ಮಿತಿಯಿದೆ: ಆಯ್ಕೆಯಾಗದ ಕವಿತೆ ಎಲ್ಲಿ ಸೋತಿತೆಂಬುದು ಬರೆದವರಿಗೆ ತಿಳಿಯುವುದಿಲ್ಲ.

ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2011ರಿಂದ ಮೂವತ್ತೈದರೊಳಗಿನವರಿಗೆ ಯುವ ಪುರಸ್ಕಾರ ಕೊಡುತ್ತಿದೆ. ಎರಡೂ ಸ್ವಾಗತಾರ್ಹ, ಎರಡೂ ಪುಸ್ತಕದ ಹಂತಕ್ಕೆ ಸಂಬಂಧಿಸಿದವು. ಬಿಡಿ ಕತೆ, ಬಿಡಿ ಕವಿತೆಯ ಹಂತದಲ್ಲಿ ತರುಣರ ಕೈಹಿಡಿಯಬೇಕಾದದ್ದು ಪತ್ರಿಕೆಯೇ. ಆ ಹೊಣೆಯನ್ನು ಕಾಲೇಜು, ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಹೊರಬೇಕು. ಎ. ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ವನ್ನು 1919ರಲ್ಲಿ ಆರಂಭಿಸಿದ್ದು ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದಲೇ. ಪ್ರತಿ ಸಂಚಿಕೆಯಲ್ಲಿ ಹೊಸಬರಿಗೆ ಕೆಲವು ಪುಟ ಮೀಸಲಿಟ್ಟು, ಹಿಂದಿರುಗಿಸುವ ಬರಹದೊಡನೆಯೂ ನಾಲ್ಕು ಸಾಲಿನ ಅಭಿಪ್ರಾಯ ಕಳಿಸುವ ಪದ್ಧತಿ ಬಂದರೆ, ಸಂಪಾದಕರ ಓದು ಮತ್ತು ಸಂಸ್ಥೆಯ ಬಾಳಿಕೆ ಎರಡೂ ಹೊಸ ಲೇಖಕರಿಗೆ ಒಟ್ಟಿಗೆ ದಕ್ಕುತ್ತವೆ.