ಹಗೇವಿನಿಂದ ಕಂತಿನವರೆಗೆ

ಮೈಸೂರು ಸೀಮೆಯ ನಮ್ಮ ಪೂರ್ವಿಕರ ಗೃಹಭಂಡಾರ ಹೊನ್ನಿನದಲ್ಲ, ರಾಗಿಯದು. ನೆಲವನ್ನು ಆಳವಾಗಿ ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಹಗೇವಿನಲ್ಲಿ ವರ್ಷಾನುವರ್ಷ ಕೆಡದೆ ಉಳಿಯುತ್ತಿದ್ದ ಧಾನ್ಯವೇ ಮನೆತನದ ಐಶ್ವರ್ಯ. ಅದನ್ನು ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಒಳಗೆ ಕಾಲಿಡುತ್ತಿದ್ದ. ಕೃಷ್ಣದೇವರಾಯನ ಧ್ವಜ ಉದಯಗಿರಿಯಿಂದ ಸಿಂಹಾಚಲದವರೆಗೆ ಹಾರಿದ ಕಾಲದಲ್ಲೂ, 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡು ಪೂರ್ಣಯ್ಯನವರ ಆಡಳಿತ ಬಂದಾಗಲೂ, ಕಣದಲ್ಲಿ ರಾಶಿಪೂಜೆಯಾದ ಮೇಲೆ ಬಡಗಿ, ಕಮ್ಮಾರ, ಅಗಸರಿಗೆ ಆಯ ಅಳೆದುಕೊಡುವ ಪದ್ಧತಿ ಅಳಿಯಲಿಲ್ಲ.

ವಿಧಿಯ ಲೆಕ್ಕವೇ ಬೇರೆಯಾಗಿತ್ತು. 1876–78ರ ಮಹಾಕ್ಷಾಮದಲ್ಲಿ ಹಗೇವುಗಳು ಬರಿದಾದವು. ವಂಶಪಾರಂಪರ್ಯವಾಗಿ ಬಂದ ಓಲೆ, ಡಾಬು, ಕಡಗಗಳು ಕೊಳಗ ರಾಗಿಗಾಗಿ ಸಾಹುಕಾರನ ತಕ್ಕಡಿ ಏರಿದವು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಪ್ರಜೆಗಳು 1881ರ ಹೊತ್ತಿಗೆ 42 ಲಕ್ಷಕ್ಕೂ ಕಡಿಮೆ. ಹಿರಿಯರ ಮಿತವ್ಯಯವನ್ನು ಬರಿಯ ಸದ್ಗುಣವೆಂದು ಕೊಂಡಾಡುವವರು ಇದನ್ನು ಮರೆಯುತ್ತಾರೆ. ಅಗುಳು ಚೆಲ್ಲಿದರೆ ಗದರುತ್ತಿದ್ದ ಅಜ್ಜಿಯರ ದನಿಯಲ್ಲಿ ನೀತಿಗಿಂತ ಭೀತಿಯೇ ಹೆಚ್ಚು.

ಧಾನ್ಯದ ಪ್ರಭುತ್ವ ಕುಗ್ಗಿದಂತೆ ನಾಣ್ಯದ ದಂಡಯಾತ್ರೆ ಬಿರುಸಾಯಿತು. ರೈಲು ಬಂದಿತು, ಕಚೇರಿಗಳು ಬೆಳೆದವು; ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರಲ್ಲಿ, ಮೈಸೂರು ಬ್ಯಾಂಕು ಬಾಗಿಲು ತೆರೆಯಿತು. ಗುಮಾಸ್ತರು, ಮೇಷ್ಟರು, ರೈಲ್ವೆ ನೌಕರರೆಂಬ ಸಂಬಳದ ಕುಲವೊಂದು ಉದಯಿಸಿ, ಸುಗ್ಗಿಯ ಸಂಭ್ರಮವೆಲ್ಲ ಒಂದನೆಯ ತಾರೀಖಿಗೆ ವರ್ಗವಾಯಿತು. ಬಾಡಿಗೆ, ಹಾಲಿನ ವರ್ತನೆ, ಜೀನಸಿ ಅಂಗಡಿಯ ಬಾಕಿ, ಮಕ್ಕಳ ಫೀಜು, ಚೀಟಿಯ ಹಣ ಎಲ್ಲವೂ ತೀರಿ ಮಿಕ್ಕ ಚಿಲ್ಲರೆ ಸಾಸಿವೆ ಡಬ್ಬಿಯ ತಳ ಸೇರುತ್ತಿತ್ತು. ಅದರ ಮೊತ್ತ ಯಜಮಾನನಿಗೂ ತಿಳಿಯದು. ದಿವಾನರ ಆಯವ್ಯಯ ಪತ್ರಗಳನ್ನು ಜೋಪಾನವಾಗಿ ಕಾದಿಟ್ಟ ನಾವು, ಎಷ್ಟೋ ಸಂಸಾರಗಳನ್ನು ದಡ ಮುಟ್ಟಿಸಿದ ಈ ಡಬ್ಬಿಗಳಿಗೆ ಚರಿತ್ರೆಯಲ್ಲಿ ಒಂದು ಪುಟವನ್ನೂ ಕೊಡಲಿಲ್ಲ.

1957ರಲ್ಲಿ ದಶಮಾಂಶ ಪದ್ಧತಿ ಜಾರಿಯಾಗಿ ನಯಾಪೈಸೆ ಪಟ್ಟವೇರಿತು. 1969ರಲ್ಲಿ ಹದಿನಾಲ್ಕು ದೊಡ್ಡ ಬ್ಯಾಂಕುಗಳು ರಾಷ್ಟ್ರದ ಸೊತ್ತಾದವು. 1991ರ ತರುವಾಯ ಮೊದಲಾದದ್ದು ಕಂತಿನ ದಿಗ್ವಿಜಯ. ತಂದೆ ನಿವೃತ್ತಿಯ ಹಣ ಕೈಗೆ ಬಂದ ಮೇಲೆ ಕಟ್ಟಿಸುತ್ತಿದ್ದ ಮನೆಯನ್ನು ಮಗ ಮೂವತ್ತರ ಪ್ರಾಯದಲ್ಲೇ ಸಾಲದಲ್ಲಿ ಕೊಂಡ. ಮನೆ ಮೊದಲು ಬಂದಿತು, ಗಳಿಕೆ ಅದರ ಹಿಂದೆ ಓಡಿತು. ಇದನ್ನು ಅವನತಿಯೆನ್ನಲು ನನಗೆ ಮನಸ್ಸೊಪ್ಪದು. ವಠಾರದ ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ಆಯುಷ್ಯ ಸವೆಸಿದವರ ಮಹತ್ವಾಕಾಂಕ್ಷೆಯೂ ಆ ಸಾಲಪತ್ರದಲ್ಲಿ ರುಜು ಹಾಕಿದೆ. ಸಿಂಹಾಸನ ಕಳೆದುಕೊಂಡದ್ದು ಧಾನ್ಯ: 1999–2000ರಲ್ಲಿ ಭಾರತದ ಹಳ್ಳಿಮನೆಗಳ ವೆಚ್ಚದಲ್ಲಿ ಶೇ. 22ರಷ್ಟಿದ್ದ ಏಕದಳ ಧಾನ್ಯಗಳ ಪಾಲು 2022–23ರ ರಾಷ್ಟ್ರೀಯ ಸಮೀಕ್ಷೆಯ ವೇಳೆಗೆ ಶೇ. 5ಕ್ಕೂ ಕೆಳಗಿಳಿಯಿತು, ಪಾನೀಯ, ಕುರುಕಲು, ಸಿದ್ಧ ತಿನಿಸುಗಳಿಗೆ ಹೋಗುತ್ತಿರುವುದು ಅದರ ಹೆಚ್ಚುಕಡಿಮೆ ಇಮ್ಮಡಿ.